ಅಕ್ರೋಟು ಮಾವ

ಬಂದೂಕಿನ ಹಿಡಿಗೆಂದು ಅಕ್ರೋಟು ಮರದ ತುಂಡು ಮಾರುವ ಮಾವನ ಅಂಗಡಿಯಲ್ಲಿ ಬೆಲೆಗಿಂತ ಮೊದಲು ಪಾಠ ಕೇಳಬೇಕು. ತುಂಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೀರಲೆಯಂಥ ಗೆರೆಗಳು ಎದ್ದುಬಂದರೆ, ಮಗುವಿಗೆ ಮೊದಲ ಹಲ್ಲು ಬಂದಂತೆ ಬೀಗುತ್ತಾರೆ. "ಅಂದ ಹಿಂದಿರಲಿ ಸ್ವಾಮಿ, ಕೈ ಹಿಡಿಯೋ ಕಡೆ ಗೆರೆ ನೇರ ಇರ್ಬೇಕು. ಇಲ್ಲಾಂದ್ರೆ ಮೊದಲ ಗುಂಡು ಹಾರಿದಾಗ್ಲೇ ಸೀಳತ್ತೆ" ಎಂದು ಅವಸರದ ಗಿರಾಕಿಗಳನ್ನು ಬರಿಗೈಯಲ್ಲಿ ಕಳಿಸಿದ್ದೂ ಉಂಟು. ಎಲ್ಲಕ್ಕಿಂತ ಚೆಲುವಾದ ಒಂದು ತುಂಡಿಗಂತೂ, ಯಾರಾದರೂ ಒಪ್ಪಿಬಿಟ್ಟಾರೆಂಬ ಹೆದರಿಕೆಗೆ, ಕೇಳಿದಾಗಲೆಲ್ಲ ಬೆಲೆ ಏರಿಸುತ್ತಿದ್ದರು. ಕಾಲು ಮುರಿದುಕೊಂಡಿದ್ದ ಹೆಂಡತಿ ಮೂರು ತಿಂಗಳ ಮೇಲೆ ಎದ್ದು ನಿಂತ ದಿನ, ಅದನ್ನೇ ಸೀಳಿ ಊರುಗೋಲು ಮಾಡಿಕೊಟ್ಟರು. ಆಕೆ ಅದನ್ನು ಟಕಟಕ ಕುಟ್ಟುತ್ತ ಬೀದಿಗಿಳಿದಾಗ ಮಾವ ಹಿಂದೆಯೇ ಓಡಿದರು: "ಮೆಲ್ಲಗೆ ಕಣೇ!" ಆಕೆ ತಿರುಗಿ ಕೇಳಿದರು: "ನನ್ನ ಚಿಂತೆನೋ, ಕೋಲಿನ ಚಿಂತೆನೋ?" "ನಿನ್ನ ಕಾಲಿಂದು! ಕೋಲು ಹೋದ್ರೆ ಹೋಗ್ಲಿ, ಬಿಡೇ!"