ಉತ್ತರ ಬೇಡದ ಪ್ರಶ್ನೆ

ಮೊನ್ನೆ ಶಿರಸಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತವನ ಮೂಗಿಗೆ ಸುಟ್ಟ ಕಲ್ಲಿನ ವಾಸನೆ ಬಡಿಯಿತು. ನಿಮಗೆ ಆ ವಾಸನೆಯ ಪರಿಚಯ ಇರಲಿಕ್ಕಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕಾಳು ಮುಗಿದ ಮೇಲೂ ಮಷೀನು ಓಡುತ್ತಿದ್ದರೆ, ಕಲ್ಲಿಗೆ ಕಲ್ಲೇ ಉಜ್ಜಿ ಬರುವ ವಾಸನೆ ಅದು. ಕಲ್ಲು ತನ್ನನ್ನೇ ತಾನು ತಿನ್ನುತ್ತದೆ. ಜೀವನವಿಡೀ ಗಿರಣಿ ನಡೆಸಿದವನಿಗೆ ಅದನ್ನು ಹಾಗೇ ಬಿಟ್ಟು ಬಸ್ಸು ಹತ್ತಲಾಗುವುದಿಲ್ಲ. ರಸ್ತೆ ದಾಟಿ ಹೋಗಿ ನೋಡಿದರೆ ಗಿರಣಿಯವ ಮೊಬೈಲು ಹಿಡಿದು ಯಾರೊಂದಿಗೋ ನಗುತ್ತಿದ್ದ.

"ಏ ತಮಾ, ಖಾಲಿ ಓಡ್ತಾ ಇದೆಯಲ್ಲೋ! ಕಲ್ಲು ಎಂತ ಮಾವನ ಮನೆಯಿಂದ ಬಳುವಳಿ ಬಂದದ್ದಾ?"

ಅವನು ಗಾಬರಿಯಾಗಿ ಸ್ವಿಚ್ಚು ಆರಿಸಿದ. ನನ್ನ ಬಸ್ಸು ತಪ್ಪಿತು. ಮಾವನ ಮನೆಯ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ. ಅದು ಉತ್ತರ ಬೇಡದ ಪ್ರಶ್ನೆ. ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರಿದೆ. ಆ ಹೆಸರನ್ನು ನಾನು ಕಲಿತ ದಿನದಷ್ಟು ಬೆಚ್ಚಿಬಿದ್ದ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ನನ್ನ ಗಿರಣಿ ಇದ್ದದ್ದು ಉಮ್ಮಚಗಿಯ ಹತ್ತಿರ. ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ಅಪ್ಪ ಮಷೀನು ತಂದ. ಶಾಲೆ ತೆರೆಯುವ ಹೊತ್ತಿಗೆ ಅದರ ಬೆಲ್ಟು ಹಾಕಲು, ಸವೆದ ಕಲ್ಲನ್ನು ಉಳಿಯಿಂದ ಕುಟ್ಟಿ ಹರಿತ ಮಾಡಲು ಕಲಿತುಬಿಟ್ಟಿದ್ದೆ. ಮತ್ತೆ ಶಾಲೆಗೆ ಹೋಗಲಿಲ್ಲ. ಅಪ್ಪನ ನಂತರ ಹಳೆ ಮಷೀನು ತೆಗೆದು ಹೊಸದು ಹಾಕಿದೆ, ಮೆಣಸಿನಪುಡಿಗೆ ಬೇರೆಯದೇ ಕೂರಿಸಿದೆ, ಮನೆಗೆ ಹೆಂಚು ಹೊದೆಸಿದೆ. ಯಾರ ಕೈಯಲ್ಲೂ ಒಂದು ಮಾತು ಹೇಳಿಸಿಕೊಂಡವನಲ್ಲ. ಹೇಳಿಸಿಕೊಂಡರೂ ಕೇಳಿಸುತ್ತಿರಲಿಲ್ಲ ಅನ್ನಿ, ಗಿರಣಿಯ ಗದ್ದಲ ಹಾಗಿತ್ತು! ಅದನ್ನು ಮೀರಿ ಕೂಗಿ ಕೂಗಿ ನನ್ನ ಗಂಟಲೂ ದೊಡ್ಡದಾಗಿತ್ತು. ವೇಷ ಕಟ್ಟದೆ ಕುಳಿತು ಮಾತಿನಲ್ಲೇ ಆಡುವ ತಾಳಮದ್ದಳೆಯಲ್ಲಿ ನನಗೆ ಸಿಗುತ್ತಿದ್ದದ್ದು ದೂತನದ್ದೋ ಮಂತ್ರಿಯದ್ದೋ ಪಾತ್ರ, ಆದರೆ ಧ್ವನಿ ಮಾತ್ರ ಚಕ್ರವರ್ತಿಯದ್ದು.

ಆ ಧ್ವನಿಯಲ್ಲಿ ನಾನು ದಿನವೂ ಆಡುತ್ತಿದ್ದ ಮಾತೊಂದಿತ್ತು. ಹಿಟ್ಟಿಗೆ ಬಂದವರು ತಮ್ಮ ಮಕ್ಕಳ ಓದಿನ ಸುದ್ದಿ ತೆಗೆದರೆ ಸಾಕು, "ಆನು ಓದಿದ್ದು ಏಳನೇತ್ತೆ. ಎಂತ ಕಮ್ಮಿ ಆಯ್ದು ಎನಗೆ?" ಎನ್ನುತ್ತಿದ್ದೆ. ಏಳನೇತ್ತೆ ಅಂದರೆ ನಮ್ಮ ಮನೆಮಾತಿನಲ್ಲಿ ಏಳನೇ ತರಗತಿ. ಅವರು ಗಿರಣಿ ನೋಡಿ, ಹೆಂಚು ನೋಡಿ, "ಎಂತದೂ ಇಲ್ಲೆ ಮಾರಾಯ" ಎಂದು ಚೀಲ ಎತ್ತಿಕೊಳ್ಳುತ್ತಿದ್ದರು. ಹಾಗಂತ ಮಗಳ ಓದಿನಲ್ಲಿ ನಾನು ಉದಾಸೀನ ಮಾಡಿದವನಲ್ಲ. ವೀಣಾ ಹತ್ತನೇ ತರಗತಿಯಲ್ಲಿದ್ದಳು, ಶಾಲೆಗೇ ಜಾಣೆ. ಅವಳು ಯಲ್ಲಾಪುರದಲ್ಲಿ ಕಾಲೇಜು ಸೇರುವುದು ನನ್ನ ಮನಸ್ಸಿನಲ್ಲಿ ಆಗಿಹೋದ ಕೆಲಸ. ಅವಳ ಹತ್ತಿರ ಕೇಳಿರಲಿಲ್ಲ, ಅಷ್ಟೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶಾಲೆಗೆ ಇಂಗ್ಲಿಷ್ ಕಲಿಸಲು ಹಾವೇರಿ ಕಡೆಯಿಂದ ಹೊಸ ಅಕ್ಕೋರು ಬಂದಿದ್ದರು. ಪಾಲಕರ ಸಭೆಯಲ್ಲಿ ನೀರಿನ ಟಾಕಿಯ ಬಗ್ಗೆ ನಾನು ಕೂಗಾಡಿದ್ದನ್ನು ಕೇಳಿ, ಆಮೇಲೆ ನಗುತ್ತ ಹತ್ತಿರ ಬಂದರು.

"ಗಿರಣಿ ಭಟ್ರ, ಒಂದಿನ ನಮ್ಮ ಕ್ಲಾಸಿಗೆ ಬರ್ರಿ. ಹತ್ತು ನಿಮಿಷ ಮಾತಾಡ್ರಿ, ಸಾಕು. ರೆಟಾರಿಕಲ್ ಡಿವೈಸ್ ಕಲಸಾಕತ್ತೀನಿ, ಹುಡುಗರ ತಲಿಗೆ ಹೋಗವಲ್ದು."

ಡಿವೈಸು ಅಂದರೆ ಮಷೀನಿನ ಭಾಗ ಇರಬೇಕೆಂದು ನಾನು ತಿಳಿದೆ. ಎದುರಿನವನ ಮನಸ್ಸು ತಿರುಗಿಸಲು ಮಾತಿನಲ್ಲಿ ಮಾಡುವ ಚಮತ್ಕಾರಗಳಂತೆ ಅವು. ಮೊದಲು ತಮ್ಮೂರಿನ ಮಾತಿನಲ್ಲಿ ಅವನ್ನು ಹಿಡಿಯಲು ಬಂದರೆ, ಆಮೇಲೆ ಇಂಗ್ಲಿಷಿನಲ್ಲೂ ಮಕ್ಕಳು ಹಿಡಿಯುತ್ತಾರೆ ಎಂಬುದು ಅಕ್ಕೋರ ಲೆಕ್ಕ.

ಇಂಗ್ಲಿಷ್ ಕ್ಲಾಸಿಗೆ ಏಳನೇತ್ತೆಯವನಿಗೆ ಆಮಂತ್ರಣ! ಇಸ್ತ್ರಿ ಅಂಗಿ ಹಾಕಿ ಹೊರಟವನನ್ನು ಹೆಂಡತಿ ಬಾಗಿಲಲ್ಲಿ ತಡೆದಳು.

"ತಲೆ ಮೇಲಿನ ಹಿಟ್ಟು ಕೊಡವಿ ಹೋಗಿ. ಇಲ್ದಿದ್ರೆ ಸೀಮೆಸುಣ್ಣ ಹೇಳಿ ತಿಳ್ಕಂಡು ಮಕ್ಕ ಬೋರ್ಡಿಗೆ ತಿಕ್ಕಿಬಿಡ್ತ."

ಕ್ಲಾಸಿನಲ್ಲಿ ನಿಂತು ಕೆಮ್ಮಿ, ಶುರು ಮಾಡಿದೆ. "ನನ್ನ ಗಿರಣಿ ಒಂದು ದಿನ ನಿಂತರೆ ಊರಿಗೆ ಊರೇ ಉಪವಾಸ!" ವಾಕ್ಯ ಮುಗಿದಿತ್ತೋ ಇಲ್ಲವೋ, ಮುಂದಿನ ಬೆಂಚಿನ ಸಲೀಮ, ಲಾರಿ ಡ್ರೈವರನ ಮಗ, ಕೈ ಎತ್ತಿ "ಹೈಪರ್ಬೊಲಿ!" ಎಂದು ಕಿರುಚಿದ. ಉಬ್ಬಿಸಿ ಹೇಳುವುದಕ್ಕೆ ಆ ಹೆಸರಂತೆ. ನಾನು ದಂಗಾದೆ. "ಬೆಳಗಾದರೆ ನನ್ನ ಮಷೀನು ನನ್ನ ಮೋರೆ ನೋಡಿ ಕೆಮ್ಮುತ್ತದೆ" ಎಂದೆ. ಜೀವ ಇಲ್ಲದ್ದಕ್ಕೆ ಜೀವ ಕೊಟ್ಟದ್ದಕ್ಕೆ ಇನ್ನೊಂದು ಹೆಸರು, ಉದ್ದದ್ದು, ನಾಲ್ಕಾರು ಮಕ್ಕಳು ಒಟ್ಟಿಗೇ ಕೂಗಿದರು. ಬಾಯಿ ತೆರೆದರೆ ಕೈಗಳು ಏಳುತ್ತಿದ್ದವು. ನಿಮ್ಮ ಮನೆಯ ಪಾತ್ರೆಗಳನ್ನೆಲ್ಲ ಯಾರೋ ಅಂಗಳಕ್ಕೆ ತಂದಿಟ್ಟು ಒಂದೊಂದಕ್ಕೂ ಚೀಟಿ ಅಂಟಿಸಿದರೆ ಹೇಗಾದೀತು? ನನಗೆ ಹಾಗಾಗಿತ್ತು. ಆದರೆ ಒಳಗೊಳಗೇ ಉಬ್ಬಿಯೂ ಇದ್ದೆ. ಇಷ್ಟು ಸಾಮಾನು ನನ್ನ ಬಾಯಲ್ಲಿತ್ತೇ!

ಆ ಉಬ್ಬಿನಲ್ಲೇ ನನ್ನ ದೊಡ್ಡ ಮಾತನ್ನು ಬಿಟ್ಟೆ. "ನಾನು ಓದಿದ್ದು ಏಳನೇತ್ತೆ. ನನಗೆ ಎಂತ ಕಮ್ಮಿ ಆಗಿದೆ?"

"ರೆಟಾರಿಕಲ್ ಕ್ವೆಶ್ಚನ್!" ಇಡೀ ಕ್ಲಾಸು ಕೂಗಿತು.

"ಯಾಕ?" ಎಂದರು ಅಕ್ಕೋರು.

"ಅದಕ್ಕೆ ಉತ್ತರ ಬೇಡ, ಅಕ್ಕೋರೇ. ಉತ್ತರ ಅದರೊಳಗೇ ಇದೆ" ಎಂದ ಸಲೀಮ.

ಆಗ ಹಿಂದಿನ ಬೆಂಚಿನಿಂದ ನನ್ನ ಮಗಳು ಎದ್ದಳು. "ಅಕ್ಕೋರೇ, ಅದು ರೆಟಾರಿಕಲ್ ಅಲ್ಲ. ನಾನು ಚಿಕ್ಕವಳಿದ್ದಾಗಿನಿಂದ ಅಪ್ಪಯ್ಯ ನನ್ನೆದುರು ಇದನ್ನು ಕೇಳುತ್ತಲೇ ಇದ್ದಾರೆ. ನಾನು ಯೋಚನೆ ಮಾಡಿ ಉತ್ತರ ಕಂಡುಕೊಂಡಿದ್ದೇನೆ. ಎಂತದೂ ಕಮ್ಮಿ ಆಗಲಿಲ್ಲ. ಅದಕ್ಕೇ ನನಗೂ ಕಾಲೇಜು ಬೇಡ. ಪರೀಕ್ಷೆ ಮುಗಿದ ಮರುದಿನದಿಂದ ಗಿರಣಿಗೆ ಹೋಗ್ತೇನೆ."

ಮಕ್ಕಳು ನಕ್ಕರು. ಅಕ್ಕೋರು ನಗಲಿಲ್ಲ. ನನಗೆ ಬೆಲ್ಟು ಕಡಿದು ಎದೆಗೆ ಹೊಡೆದಂತಾಯಿತು. ತಾಳಮದ್ದಳೆಯಲ್ಲಿ ಎದುರಿನವನ ಪ್ರಶ್ನೆಗೆ ಮಾತು ಸಿಗದೆ ತಡವರಿಸಿದರೆ ಹಾಡುವ ಭಾಗವತರು ಮುಂದಿನ ಪದ ಎತ್ತಿ ಮಾನ ಉಳಿಸುತ್ತಾರೆ. ಇಲ್ಲಿ ಪದ ಎತ್ತುವವರು ಯಾರು? ಅಕ್ಕೋರು ನನ್ನನ್ನೇ ನೋಡುತ್ತಿದ್ದರು. ಮಗಳು ನಿಂತೇ ಇದ್ದಳು. "ಸುಮ್ಮನೆ ಕೂತ್ಕೊ" ಎಂದು ಗದರಿಸಬಹುದಿತ್ತು. ಗದರಿಸಿದರೆ ಕಾಲೇಜಿಗೂ ಹೋಗುತ್ತಿದ್ದಳೋ ಏನೋ, ಆದರೆ ನನ್ನ ಮಾತಿನಲ್ಲಿ ಹುರುಳಿಲ್ಲ ಎಂದು ತಿಳಿದುಕೊಂಡೇ ಹೋಗುತ್ತಿದ್ದಳು.

"ಕಮ್ಮಿ ಆಗಿದೆ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಗಜಾನನನ ಸಂಗತಿ ಹೇಳಿದೆ. ಏಳರ ತನಕ ನನ್ನ ಬೆಂಚಿನಲ್ಲೇ ಕೂರುತ್ತಿದ್ದವ. ಮುಂದೆ ಓದಲು ಧಾರವಾಡಕ್ಕೆ ಹೋದ. ರಜೆಗೆ ಬಂದಾಗ ಮನೆಯಲ್ಲಿ ಚೀಲ ಇಟ್ಟವನೇ ಗಿರಣಿಗೆ ಓಡಿ ಬರುತ್ತಿದ್ದ. ಅಲ್ಲಿಯ ಭಾಷಣ, ವಾದ, ಓದಿದ್ದು, ಎಲ್ಲ ಹೇಳುತ್ತಿದ್ದ. ನಡುವೆ ನಿಲ್ಲಿಸಿ, "ನೀ ಎಂತ ಹೇಳ್ತೆ?" ಎನ್ನುತ್ತಿದ್ದ. ನಿಜವಾಗಿಯೇ ಕೇಳುತ್ತಿದ್ದ, ಪಾಪ. ಗೊತ್ತಿಲ್ಲ ಎನ್ನಲು ನನಗೆ ಬಾಯಿಲ್ಲ. "ತಡಿ, ಕೆಲಸ ಇದ್ದು" ಎಂದು ಎದ್ದು ಮಷೀನು ಚಾಲೂ ಮಾಡಿಬಿಡುತ್ತಿದ್ದೆ. ಆ ಗದ್ದಲದಲ್ಲಿ ಅವನು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಬರಬರುತ್ತ ಬರುವುದೇ ಬಿಟ್ಟ.

"ಮಷೀನಿನಲ್ಲಿ ಕಾಳಿರುತ್ತಿರಲಿಲ್ಲ" ಎಂದೆ. "ಖಾಲಿ ಓಡಿಸುತ್ತಿದ್ದೆ."

ಒಂದು ಕೈಯೂ ಏಳಲಿಲ್ಲ. ಸಲೀಮ ಅರ್ಧ ಎತ್ತಿದ್ದ ಕೈಯನ್ನು ಮಡಿಲಿಗೆ ಇಳಿಸಿಕೊಂಡ. ವೀಣಾ ಕ್ಲಾಸೆಂಬುದನ್ನೂ ಮರೆತು ಮನೆಮಾತಿನಲ್ಲಿ ಕೇಳಿದಳು, "ಖಾಲಿ ಓಡ್ಸಿದ್ಯ, ಅಪ್ಪಯ್ಯ?" ಗಿರಣಿಯಲ್ಲಿ ಬೆಳೆದ ಹುಡುಗಿ. ಕಲ್ಲಿನ ಕಷ್ಟ ಅವಳಿಗೆ ಗೊತ್ತು.

"ಹೌದು" ಎಂದೆ. ಅವಳು ಕುಳಿತಳು.

ಜೂನಿನಲ್ಲಿ ವೀಣಾ ಕಾಲೇಜಿಗೆಂದು ಯಲ್ಲಾಪುರದ ಬಸ್ಸು ಹತ್ತಿದಳು. ಈಗ ಸಿದ್ದಾಪುರದಲ್ಲಿ ವಕೀಲಿಕೆ. ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಸಾಕ್ಷಿಗೆ ಕೇಳುವುದು ಅವಳ ಕಸುಬು.

ಮೊನ್ನೆ ಶಿರಸಿಯಿಂದ ಮುಂದಿನ ಬಸ್ಸು ಹಿಡಿದು ನಾನು ಹೋದದ್ದೂ ಅವಳ ಮನೆಗೇ. ಚಹಾ ಕೊಡುತ್ತಿದ್ದಾಗ, ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಕೇಳಿಬಿಟ್ಟೆ. "ಅವತ್ತು ನೀ ನಿಜವಾಗಿ ಕಾಲೇಜು ಬಿಡ್ತಿದ್ಯ? ಅಥವಾ ಎನ್ನ ಬಾಯಿ ಬಿಡ್ಸೂಲೆ ಹಾಂಗೆ ಹೇಳಿದ್ದಾ?"

ಲೋಟ ನನ್ನ ಕೈಗಿಟ್ಟು ಎದುರಿಗೆ ಕುಳಿತಳು.

"ನಿಂಗೆ ಎಂತ ಕಾಣ್ತು, ಅಪ್ಪಯ್ಯ?"

ಇದು ಉತ್ತರ ಬೇಕಾದ ಪ್ರಶ್ನೆಯೋ ಬೇಡದ್ದೋ, ದೇವರಾಣೆ ತಿಳಿಯಲಿಲ್ಲ. ಅವಳು ಕಾಯುತ್ತಿದ್ದಳು.

"ಎನಗೆ ಗೊತ್ತಿಲ್ಲೆ" ಎಂದೆ.