ಎಡಗಡೆಯ ಬ್ರೇಕು ಯಾಕೆ ಸವೆಯುತ್ತದೆ

ಆ ಸೋಮವಾರ ಅಂದಾನಪ್ಪ ಎರಡು ರೊಟ್ಟಿ ತಿಂದು, ಮತ್ತೆರಡನ್ನು ಅರಿವೆಯಲ್ಲಿ ಕಟ್ಟಿಸಿಕೊಂಡ. ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ ನಿಲ್ಲುವ ಬಾಡಿಗೆ ಕಾರು ಅವನದು. ಹಳೆಯ ಅಂಬಾಸಿಡರ್. ಹೆಂಡತಿ ಸಿದ್ದಲಿಂಗವ್ವ ದಿನದಂತೆ ಚೊಂಬು ನೀರು ತಂದು, ಗಂಡ ಕೂಡುವ ಬಲಮಗ್ಗುಲಿನ ಮುಂದಿನ ಗಾಲಿಗೆ ಸುರಿದಳು. ವಿಭೂತಿ ಹಚ್ಚಿ ಹೂವಿಟ್ಟಳು. ಹೋದವನು ಸುಖವಾಗಿ ತಿರುಗಿ ಬರಲಿ ಎಂದು ಒಂಬತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

“ಬದಾಮಿಗೆ ಬಾಡಿಗಿ ಅದ. ಎಡಗಡೀ ಬ್ರೇಕ್ ಮತ್ತ ಸವದದ. ಬರೂಮುಂದ ಹುನಗುಂದದಾಗ ಲೈನರ್ ಹಾಕಿಸ್ಕೊಂಡ ಬರ್ತೇನಿ,” ಎಂದ.

ಸಿದ್ದಲಿಂಗವ್ವನ ಮುಖ ಗಂಟಾಯಿತು. ಹುನಗುಂದವೆಂದರೆ ಕಾಸಿಂಬಿ. ಬ್ರೇಕಿನ ಶೂಗಳಿಗೆ ಲೈನರ್ ಎಂಬ ಹೊಸ ಪಟ್ಟಿ ಕೂಡಿಸಿ ರಿವೀಟ್ ಬಡಿಯುವುದು ಅವಳ ಗಂಡನ ಕಸುಬು. ಅವನು ಸತ್ತ ಮೇಲೆ ಅವಳೇ ಸುತ್ತಿಗೆ ಹಿಡಿದಳು. ಎಲ್ಲ ಡ್ರೈವರುಗಳೂ ಹೋಗುತ್ತಿದ್ದರು. ಮನೆಗೆ ಬಂದು ಹೊಗಳುವವನು ಮಾತ್ರ ಅಂದಾನಪ್ಪ. “ಏನ್ ಕೈ ಅಂತೀ ಆಕೀದು!” ಅನ್ನುತ್ತಿದ್ದ. ಇವಳು ಬಡಿದ ರೊಟ್ಟಿಗೆ ಒಂದು ದಿನವೂ ಹಾಗೆ ಅಂದವನಲ್ಲ.

“ಎರಡೂ ಗಾಲಿ ಒಂದ ದಾರಿ ತುಳೀತಾವ. ಎಡಗಡೀದಷ್ಟ ಯಾಕ ಸವೀತದ?” ಎಂದಳು.

“ಅದ ನನಗೂ ತಿಳೀವಲ್ದು.”

“ನನಗ ತಿಳೀತದ. ಹುನಗುಂದಕ್ಕ ಹೋಗಾಕ ಒಂದು ನೆವ ಬೇಕಲ್ಲ.”

ಅವನು ನಕ್ಕ. “ಹುಚ್ಚೀ, ಆಕಿ ನನಗ ಅಣ್ಣಾ ಅಂತಾಳ.”

“ಅಂದ್ರ ಆತೇನು?”

ಅವನು ನಗುತ್ತಲೇ ಕಾರು ಹತ್ತಿದ. ಬದಾಮಿಯಲ್ಲಿ ಬೇವಿನ ನೆರಳಿಗೆ ಕೂತವನಿಗೆ ಎದೆನೋವು ಬಂತು. ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಅವನ ಗೆಳೆಯ, ಇನ್ನೊಬ್ಬ ಡ್ರೈವರ್ ಯಮನಪ್ಪ, ಕಾರನ್ನು ಮನೆಗೆ ತಂದು ನಿಲ್ಲಿಸಿದ. ಸಿದ್ದಲಿಂಗವ್ವ ಹೊರಳಾಡಿ ಅತ್ತಳು. ಅಳುವಿನ ನಡುವೆಯೂ ಒಂದು ಸಮಾಧಾನವಿತ್ತು: ಹುನಗುಂದ ಮುಟ್ಟದೆ ಹೋದ, ಅವಳ ಮುಖ ನೋಡದೆ ಹೋದ.

ಹದಿನೈದು ದಿನಕ್ಕೆ ಕಾಸಿಂಬಿ ಬಸ್ಸು ಹಿಡಿದು ಬಂದಳು. ಸಾವಿನ ಮನೆಗೆ ಮಾತಾಡಿಸಲು ಬಂದವಳನ್ನು ಬಾಗಿಲಿಂದ ಕಳಿಸಲಾಗದು. ಸಿದ್ದಲಿಂಗವ್ವ ಚಾಪೆ ಹಾಸಿದಳು, ಬಾ ಅನ್ನಲಿಲ್ಲ. ಕಾಸಿಂಬಿ ಕಣ್ಣೊರೆಸಿಕೊಂಡು ಅಂಗಳದ ಕಾರು ನೋಡಿದಳು.

“ಅಕ್ಕಾ, ಅಣ್ಣ ಎಡಗಡೀ ಶೂ ಅಷ್ಟ ಬಿಚ್ಚಿ ತರ್ತಿದ್ದ. ಬಲಗಡೀದೂ ಒಮ್ಮೆ ನೋಡೂಣು ಅಂದ್ರ, ಸವೀದೇ ಇದ್ದದ್ದನ್ನ ಯಾಕ ಬಿಚ್ಚೂದು ಅಂತಿದ್ದ. ನಾ ನೋಡ್ಲೇನು?”

“ನೋಡು.” ಅವನ ಸುಳ್ಳು ಇವತ್ತು ಹೊರಗೆ ಬೀಳಲಿ ಎಂದೇ ಅಂದಳು.

ಕರೆ ಕಳಿಸಿದಾಗ ಬಂದ ಯಮನಪ್ಪ ಜಾಕ್ ಕೊಟ್ಟು ಬಲಗಡೆಯ ಗಾಲಿ ಬಿಚ್ಚಿದ. ಶೂಗಳನ್ನು ಮುಚ್ಚಿದ ಡ್ರಮ್ಮು ಸುತ್ತಿಗೆ ಏಟು ತಿಂದೇ ಹೊರಗೆ ಬಂತು. ಒಳಗಿಂದ ಕೆಂಪು ಪುಡಿ ಉದುರಿತು. ಶೂ ಹೊಸದರಂತೆ ದಪ್ಪಗಿತ್ತು. ಪೆಡಲ್ ತುಳಿದಾಗ ಶೂವನ್ನು ತಳ್ಳುವ ಸಣ್ಣ ಪಿಸ್ಟನ್ನು ತುಕ್ಕು ತಿಂದು ಜಾಮಾಗಿತ್ತು.

“ರೋಗ ಈ ಕಡೀ ಅದ,” ಎಂದಳು ಕಾಸಿಂಬಿ. “ಇದು ಹಿಡೀತಿದ್ದಿಲ್ಲ. ಇದರ ಕೆಲಸಾನೂ ಎಡಗಡೀದ ಮಾಡ್ತಿತ್ತು, ಅದಕ್ಕ ಸವೀತಿತ್ತು. ಮಳಿ ನೀರಾದ್ರ ಎರಡೂ ಕಡೀ ಬೀಳಬೇಕು. ಈ ಗಾಲಿಗಷ್ಟ ನೀರ ಹಾಕಿದವರು ಯಾರು?”

ಚೊಂಬು ಹೊಸ್ತಿಲ ಮೇಲೆಯೇ ಇತ್ತು.

“ನಾ,” ಎಂದಳು ಸಿದ್ದಲಿಂಗವ್ವ.

ಅವನನ್ನು ಹುನಗುಂದಕ್ಕೆ ಕಳಿಸಿದ್ದು ನೀರು ಸುರಿದ ತನ್ನದೇ ಕೈ. ಅವನು ಹೇಳಿದ್ದು ಖರೆ ಇತ್ತು. ಅಷ್ಟಕ್ಕೆ ಹೊಟ್ಟೆ ತಣ್ಣಗಾಗುತ್ತಿತ್ತೇನೋ. ಆದರೆ ಕಾಸಿಂಬಿ ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಅಂದಳು: “ಗಾಡಿ ಎಡಕ್ಕ ಎಳೀತದ, ಸ್ಟೇರಿಂಗ್ ತಡದು ತಡದು ಭುಜ ಹಿಡೀತದ ಅಂತಿದ್ದ, ಪಾಪ.”

ಭುಜದ ನೋವನ್ನು ಕಾಸಿಂಬಿಗೆ ಹೇಳಿದ್ದ. ಒಂದೇ ಹಾಸಿಗೆಯಲ್ಲಿ ಮಲಗಿದ ತನಗೆ ಹೇಳಿರಲಿಲ್ಲ.

ಎಂಟು ವರ್ಷವಾಯಿತು. ಆ ಪಿಸ್ಟನ್ನು ಬದಲಿಸಿದ ಕಾರನ್ನು ಈಗ ಯಮನಪ್ಪ ಬಾಡಿಗೆಗೆ ಓಡಿಸುತ್ತಾನೆ. ಅವನು ಬರುವ ಮೊದಲು ಸಿದ್ದಲಿಂಗವ್ವ ಒಣ ಅರಿವೆ ಹಿಡಿದು ಗಾಲಿಗಳನ್ನು ಒರೆಸುತ್ತಾಳೆ. ನೀರು ಸೋಕಿಸುವುದಿಲ್ಲ. ಬಲಗಡೆಯದಕ್ಕೆ ಒಣ ವಿಭೂತಿ ಹಚ್ಚುತ್ತಾಳೆ. ಆಮೇಲೆ ಎಡಗಡೆಗೆ ಬರುತ್ತಾಳೆ. ಗಂಡ ಕಾಸಿಂಬಿಯಿಂದ ರಿವೀಟು ಬಡಿಸಿಕೊಂಡು ಬರುತ್ತಿದ್ದದ್ದು ಇದಕ್ಕೇ. ಅದನ್ನು ಎರಡು ಸಲ ಒರೆಸುತ್ತಾಳೆ.