ಎರೆಯುವ ಕೈ ಸುಮ್ಮನಿದ್ದ ಐದು ದಿನ

ಶಹಾಪುರದ ದೇವಿಂದ್ರಮ್ಮ ನಲವತ್ತು ವರ್ಷ ಬಾಣಂತಿಯರ ಮನೆಗಳಲ್ಲಿ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರೆರೆದವಳು. ಆ ಕೂಸುಗಳನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯದು ಸುರಪುರದ ಗುಡ್ಡ ಹತ್ತಬೇಕಾಗುತ್ತದೆ. ಅವಳು ತಿಕ್ಕಿದರೆ ಬೀಸುವ ಕಲ್ಲೂ ಮೆತ್ತಗಾಗಿ ಆಕಳಿಸುತ್ತದೆ.

ಅಂಥವಳ ಸ್ವಂತ ಮೊಮ್ಮಗ ದಿನ ತುಂಬುವ ಮೊದಲೇ ಹುಟ್ಟಿ ಯಾದಗಿರಿಯ ಆಸ್ಪತ್ರೆ ಸೇರಿದ. ಔಷಧಿಗೆಂದು ತೊಡೆಯ ರಕ್ತನಾಳಕ್ಕೆ ಹಾಕಿದ್ದ ಸಣ್ಣ ನಳಿಗೆಯ ಸುತ್ತ ರಕ್ತ ಹೆಪ್ಪುಗಟ್ಟಿ, ಕಾಲು ಬಾತು ನೀಲಿಯಾಯಿತು. ದೇವಿಂದ್ರಮ್ಮ ಚೀಲದಿಂದ ಎಣ್ಣೆ ಬಾಟಲಿ ತೆಗೆದಳು.

"ಇದು ಬರೇ ಗಂಟು ಅಲ್ಲೇನು? ಎರಡ ಸಲ ತಿಕ್ಕಿದ್ರ ಕರಗತದ. ಸರೀರಿ."

ನರ್ಸ್ ಫಿರ್ದೌಸ್ ಅವಳ ಕೈ ಹಿಡಿದಳು. "ತಿಕ್ಕಿದ್ರ ಆ ಗಂಟು ಕಿತ್ತು ಪುಪ್ಪಸಕ್ಕ ಹೋಗಬಹುದಮ್ಮಾ. ನಳಿಗಿ ತಗದೀವಿ. ಹೆಪ್ಪು ಬೆಳಿಬಾರ್ದಂತ ಇಂಜೆಕ್ಷನ್ ಕೊಡಾಕತ್ತೀವಿ. ನಿಮ್ಮ ಕೈ ಸುಮ್ಮನಿದ್ರ ಸಾಕು."

"ಅದೊಂದು ಕೆಲಸ ನಾ ಕಲತಿಲ್ಲವ್ವ."

ಆದರೂ ಕಲಿತಳು. ಐದು ದಿನ ತನ್ನ ಎರಡೂ ಅಂಗೈಗಳ ಮೇಲೆಯೇ ಕುಳಿತಳು. ಬೆಂಚಿಗೇ ಮಾಲೀಶು ಆಗಿಹೋಯಿತು. ಆರನೆಯ ದಿನ ಬಾವು ಇಳಿದು, ಕಾಲು ಎಳೆಗೆಂಪಾಗಿ, ಕೂಸು ಗಾಳಿಗೆ ಒಂದು ಒದೆ ಕೊಟ್ಟಿತು.

"ಇಂಜೆಕ್ಷನ್ ಇನ್ನೂ ನಡೀತಾವ. ತಿಕ್ಕಬ್ಯಾಡ್ರಿ, ಬರೇ ಮುಟ್ಟರಿ" ಎಂದಳು ಫಿರ್ದೌಸ್.

ದೇವಿಂದ್ರಮ್ಮ ಪಾದದ ಮೇಲೆ ಒಂದೇ ಬೆರಳಿಟ್ಟಳು. "ಬೆಚ್ಚಗದ" ಎಂದಳು. ಆ ಬೆರಳು ತೆಗೆಸಲು ಫಿರ್ದೌಸ್ ಮೂರು ಸಲ ಹೇಳಬೇಕಾಯಿತು.